ಟರ್ಕಿಯ ಇಜ್ನಿಕ್ ಊರನ್ನು ಯಾರೆಲ್ಲ ಆಳಿದರು?

ಜೆಪ್ಪುವಿನವ:
ನಮ್ಮ ಭಾವ ಹಡಗಿನಲ್ಲಿ ಕೆಲಸಕ್ಕಿದ್ದಾರೆ. ಹೋದ ವಾರ ಮಂಗಳೂರಿಗೆ ಬಂದಾಗ ಟರ್ಕಿಯ ಒಂದು ಟೈಲ್ಸ್ ತಂದುಕೊಟ್ಟರು. ಅಂಗೈ ಅಗಲ, ಬಿಳಿ ಮೈ, ನೀಲಿ ಎಲೆ, ನಡುವೆ ಕೆಂಪು ಹೂವು. ಬೆರಳಾಡಿಸಿದರೆ ಕೆಂಪು ಮಾತ್ರ ಉಬ್ಬಿದ್ದು ಗೊತ್ತಾಗುತ್ತದೆ. ನನ್ನ ಅಪ್ಪ ಮೂವತ್ತು ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬೆಳಕಿಗೆ ಹಿಡಿದು ನೋಡಿ, "ಇದು ಬಣ್ಣ ಅಲ್ಲ, ಮಣ್ಣು" ಅಂದರು. ಹಿಂದುಗಡೆ ಇಜ್ನಿಕ್ ಅಂತ ಬರೆದಿದೆ. ಸರೋವರದ ದಡದ ಸಣ್ಣ ಊರು, ಸುತ್ತ ಆಲಿವ್ ತೋಟ. ಆದರೆ ಕೋಟೆಗೋಡೆ ಮಾತ್ರ ಭಾರೀ ದೊಡ್ಡದಂತೆ. ಅಷ್ಟು ಸಣ್ಣ ಊರಿಗೆ ಅದು ಯಾಕೆ?

ಮಣಿಪಾಲದಿಂದ:
ಆ ಊರು ಸಣ್ಣದಾದದ್ದು ಆಮೇಲೆ. ಈಗ ಬುರ್ಸಾ ಪ್ರಾಂತ್ಯದ ಒಂದು ತಾಲೂಕು ಇದ್ದ ಹಾಗೆ. ಹಳೆ ಹೆಸರು ನಿಕಾಯಾ, ಅಲೆಕ್ಸಾಂಡರನ ಸೇನಾಪತಿ ಲಿಸಿಮಾಕಸ್ ತನ್ನ ಹೆಂಡತಿಯ ಹೆಸರಿಟ್ಟದ್ದು. ಆಮೇಲೆ ರೋಮನ್ನರು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪರನ್ನೆಲ್ಲ ಸೇರಿಸಿದ್ದು ಇಲ್ಲೇ. ನಿಮ್ಮ ಜೆಪ್ಪುವಿನ ಇಗರ್ಜಿಯಲ್ಲಿ ಹೇಳುವ ನೈಸೀನ್ ವಿಶ್ವಾಸ ಸಂಗ್ರಹದ ಹೆಸರು ಈ ಊರಿನದ್ದೇ.

ಹನ್ನೊಂದನೇ ಶತಮಾನದಲ್ಲಿ ಸೆಲ್ಜುಕ್ ತುರ್ಕರು ಬಂದು ಅದನ್ನೇ ರಾಜಧಾನಿ ಮಾಡಿಕೊಂಡರು. 1097ರ ಕಥೆ ನನಗೆ ಜಾಸ್ತಿ ಇಷ್ಟ. ಯುರೋಪಿನ ಕ್ರುಸೇಡ್ (ಕ್ರೈಸ್ತರ ಧರ್ಮಯುದ್ಧ) ಸೈನ್ಯ ಬಂದು ಮುತ್ತಿಗೆ ಹಾಕಿತು. ಆದರೆ ಊರಿಗೆ ಸರೋವರದ ದಾರಿಯಲ್ಲಿ ಸಾಮಾನು ಬರುತ್ತಲೇ ಇತ್ತು. ಆಗ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಚಕ್ರವರ್ತಿ ಅಲೆಕ್ಸಿಯೋಸ್ ದೋಣಿಗಳನ್ನು ನೆಲದ ಮೇಲೆ ಎಳೆಸಿ ತಂದು ಸರೋವರಕ್ಕೆ ಇಳಿಸಿದ. ಊರಿನವರು ಒಳಗಿಂದೊಳಗೆ ಅವನಿಗೇ ಶರಣಾದರು. ಕ್ರುಸೇಡರು ತಲೆ ಎತ್ತಿ ನೋಡಿದಾಗ ಗೋಡೆಯ ಮೇಲೆ ಅವನ ಬಾವುಟ! ಲೂಟಿ ತಪ್ಪಿತು. ಒಳಗಿದ್ದ ಹೆಂಗಸರು ಮಕ್ಕಳನ್ನು ನೆನೆದರೆ ಒಳ್ಳೆಯದೇ ಆಯಿತು ಅನಿಸುತ್ತದೆ.

1204ರಲ್ಲಿ ಕ್ರುಸೇಡರು ಬೈಜಾಂಟೈನ್ ರಾಜಧಾನಿ, ಈಗಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲನ್ನೇ ಹಿಡಿದಾಗ, ಅಲ್ಲಿಂದ ಓಡಿ ಬಂದ ಬೈಜಾಂಟೈನರು ಇಲ್ಲಿಂದ ರಾಜ್ಯ ಆಳಿದರು, 1261ರ ತನಕ. 1331ರಲ್ಲಿ ಆಟೊಮನ್ ದೊರೆ ಓರ್ಹಾನ್ ಗೆದ್ದ. ಅಲ್ಲಿನ ಹಾಗಿಯಾ ಸೋಫಿಯಾ ಇಗರ್ಜಿ ಮಸೀದಿಯಾಯಿತು.

ಕೆಮ್ಮಣ್ಣು:
ನಾನು ಬಾರ್ಕೂರಿನವಳು. ಆಳುಪರು, ಹೊಯ್ಸಳರು, ವಿಜಯನಗರದವರು, ಕೆಳದಿಯವರು ಅಂತ ಅಜ್ಜ ಬೆರಳು ಮಡಚಿ ಲೆಕ್ಕ ಹೇಳುತ್ತಿದ್ದರು. ಹಾಗಾಗಿ ಇಜ್ನಿಕ್ ನನಗೆ ದೂರದ ಊರು ಅನಿಸುವುದಿಲ್ಲ.

ನಿಮ್ಮ ಅಪ್ಪ ಹೇಳಿದ್ದು ಪೂರ್ತಿ ಸರಿ. ಟೈಲ್ಸಿನ ಮೈಗೆ ಹೆಚ್ಚಿನ ಪಾಲು ಬೆಣಚುಕಲ್ಲಿನ ಪುಡಿ, ಅದಕ್ಕೇ ಅಷ್ಟು ಬಿಳಿ. ಹಳೆಯ ಇಜ್ನಿಕ್ ಕೆಲಸದಲ್ಲಿ ಆ ಕೆಂಪು ಕಬ್ಬಿಣದ ಅಂಶದ ಮಣ್ಣು. ದಪ್ಪಗೆ ಬಳಿದು, ಮೇಲೆ ಗಾಜಿನಂಥ ಮೆರುಗು ಕೊಟ್ಟು ಸುಡುತ್ತಿದ್ದರು. ನಮ್ಮ ಹಂಚು ಕೆಂಪಾಗುವುದೂ ಕಬ್ಬಿಣದಿಂದಲೇ ಅಲ್ವಾ. ಇಸ್ತಾಂಬುಲಿನ ನೀಲಿ ಮಸೀದಿಯೊಂದಕ್ಕೇ 20,000ಕ್ಕೂ ಹೆಚ್ಚು ಟೈಲ್ಸ್ ಹಾಕಿದ್ದಾರೆ. ಆಮೇಲೆ ಅರಮನೆಯ ಆರ್ಡರು ಕಡಿಮೆಯಾಯಿತು. ಹದಿನೇಳನೇ ಶತಮಾನದಲ್ಲಿ ಭಟ್ಟಿಗಳು ಒಂದೊಂದಾಗಿ ಆರಿದವು.

ಜೆಪ್ಪುವಿನವ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ದೊರೆಗಳ ಸುದ್ದಿಗೆ ಸುಮ್ನೆ ತಲೆ ಆಡಿಸಿದರು. ಭಟ್ಟಿ ಆರಿದ್ದು ಕೇಳಿ, "ಆ ಕೆಲಸದವರು ಮತ್ತೆ ಎಲ್ಲಿಗೆ ಹೋದರಂತೆ?" ಅಂದರು. ಟೈಲ್ಸ್ ಈಗ ಅವರ ತಲೆದಿಂಬಿನ ಹತ್ತಿರ ಉಂಟು.