20 ಫೆಮ್ಟೊಫ್ಯಾರಡ್ ಅಳಿಯೂದು ಹ್ಯಾಂಗ?

ವಿದ್ಯಾನಗರ_ಲೇಔಟ್ (ಹುಬ್ಬಳ್ಳಿ):
ಟೆಸ್ಟ್ ಚಿಪ್‌ನ್ಯಾಗ ಒಂದು ಮೆಟಲ್ ಕೆಪಾಸಿಟರ್ ಐತಿ. ಎಕ್ಸ್‌ಟ್ರ್ಯಾಕ್ಷನ್ (ಲೇಔಟ್ ನೋಡಿ ಸಾಫ್ಟ್‌ವೇರ್ ಹಾಕೂ ಲೆಕ್ಕ) ಪ್ರಕಾರ 20 ಫೆಮ್ಟೊ. ಪ್ರೋಬ್ ಸ್ಟೇಷನ್ ಮ್ಯಾಲೆ ಇಟ್ಟು, ಕೈಯಾಗಿನ ಎಲ್‌ಸಿಆರ್ (ಕೆಪಾಸಿಟನ್ಸ್ ಅಳಿಯೂ) ಮೀಟರ್ 1 ಕಿಲೊಹರ್ಟ್ಸ್‌ಗೆ ಹಚ್ಚಿದ್ರ 1.3 ಪಿಕೊ (ಅಂದ್ರ 1300 ಫೆಮ್ಟೊ) ತೋರಸ್ತೈತಿ, ವೈರ್ ಅಲುಗಿದ್ರ ಅದೂ ಬದಲಾಗ್ತೈತಿ. ಪ್ಯಾಡ್ (ಪ್ರೋಬಿನ ಸೂಜಿ ಊರೂ ಲೋಹದ ಜಾಗ) 80 ಮೈಕ್ರಾನ್ ಚೌಕ. ತಪ್ಪು ಎಲ್ಲೈತ್ರಿ?

ನವಲೂರ_ಪೇರಲ (ಧಾರವಾಡ):
ಮೀಟರ್ ಸುಳ್ಳು ಹೇಳಾಕತ್ತಿಲ್ರಿ, ಅದು ವೈರನ್ನ ಅಳ್ಯಾಕತ್ತೈತಿ. 1 ಕಿಲೊಹರ್ಟ್ಸ್‌ನ್ಯಾಗ 20 ಫೆಮ್ಟೊ ಅಂದ್ರ ಸುಮಾರು 8 ಗಿಗಾ ಓಮ್ ಇಂಪೆಡನ್ಸ್ (ಎಸಿ ಕರೆಂಟಿಗೆ ಅಡ್ಡಿ). ಅಷ್ಟು ಸಣ್ಣ ಕರೆಂಟು ಆ ಮೀಟರಿಗೆ ಸಿಗೂದಿಲ್ಲ. 1 ಮೆಗಾಹರ್ಟ್ಸ್‌ನ್ಯಾಗ ಅದು 8 ಮೆಗಾ ಓಮ್ ಅಷ್ಟ, ಅಳ್ಯಾಕ ಸಲೀಸು.

ಪ್ಯಾಡಿನ ಲೆಕ್ಕಾನೂ ನೋಡ್ರಿ. ಕೆಳಗ 5 ಮೈಕ್ರಾನ್ ಆಕ್ಸೈಡ್ ಐತಿ ಅಂತ ಹಿಡದ್ರ, ಒಂದು ಪ್ಯಾಡಿಗೇ ಸಬ್‌ಸ್ಟ್ರೇಟಿನ (ಚಿಪ್ಪಿನ ತಳದ ಸಿಲಿಕಾನಿನ) ಜೋಡಿ 44 ಫೆಮ್ಟೊ. ನಿಮ್ಮ ಕೆಪಾಸಿಟರಿನ ಎರಡು ಪಟ್ಟಿಗಿಂತ ಜಾಸ್ತಿ! ಇಎಸ್‌ಡಿ ಡಯೋಡ್ (ಸ್ಥಿರ ವಿದ್ಯುತ್ತಿನಿಂದ ಚಿಪ್ ಕಾಯೂದು) ಇದ್ರ ಅದರ ಮ್ಯಾಲೆ ಇನ್ನೂ ಕೂಡ್ತೈತಿ.

ಅದಕ್ಕ ಮೂರು ಟರ್ಮಿನಲ್ ಅಳತೆ ಮಾಡ್ರಿ. ಬೆಂಚ್ ಮೀಟರಿನ ಹೈ ಒಂದು ಪ್ಯಾಡಿಗೆ, ಲೋ ಇನ್ನೊಂದಕ್ಕ, ಚಕ್ (ಚಿಪ್ ಇಡೂ ಲೋಹದ ತಟ್ಟಿ) ಮೀಟರಿನ ಗಾರ್ಡ್ ಟರ್ಮಿನಲ್ಲಿಗೆ. ಲೋ ತುದಿ ವರ್ಚುವಲ್ ಗ್ರೌಂಡಿನ್ಯಾಗ (ಮೀಟರ್ ಅದನ್ನ ಸೊನ್ನೆ ವೋಲ್ಟಿಗೇ ಹಿಡದಿರ್ತೈತಿ) ಇರೂದರಿಂದ ಪ್ಯಾಡ್-ಸಬ್‌ಸ್ಟ್ರೇಟ್ ಭಾಗ ಲೆಕ್ಕಕ್ಕ ಬರೂದಿಲ್ಲ. ಎರಡೂ ಕೇಬಲ್ಲಿನ ಶೀಲ್ಡ್ ಪ್ರೋಬ್ ತುದಿ ಹತ್ರನ ಕೂಡಸ್ರಿ. ಮ್ಯಾಲಿಂದ, ಕೆಪಾಸಿಟರ್ ಇಲ್ಲದ ಅದೇ ಅಳತೆಯ ಪ್ಯಾಡ್ ಜೋಡಿ ಅಳದು ಕಳೀರಿ. ಪ್ರೋಬ್ ಎತ್ತಿ ಗಾಳಿಯಾಗ ಓಪನ್ (ಏನೂ ಹಚ್ಚದ ಅಳತೆ) ತಗೊಂಡ್ರ ಸಾಲೂದಿಲ್ಲ.

ವಿದ್ಯಾನಗರ_ಲೇಔಟ್:
ಖಾಲಿ ಜೋಡಿ ಈ ಚಿಪ್‌ನ್ಯಾಗ ಇಲ್ಲ. ಮುಂದಿನ ಟೇಪೌಟಿಗೆ (ಚಿಪ್ ಡಿಸೈನ್ ಫ್ಯಾಕ್ಟರಿಗೆ ಕಳಸೂ ಹೊತ್ತಿಗೆ) ಏನು ಹಾಕೂದು?

ಬೆಟಗೇರಿ_ಮಗ್ಗ (ಗದಗ):
ಸಸ್ತಾ ದಾರಿ: ಅಂಥಾವ 500 ಪ್ಯಾರಲಲ್ ಹಾಕ್ರಿ, 10 ಪಿಕೊ ಆಗ್ತೈತಿ, ಬಾಜೂಕ ಕೆಪಾಸಿಟರ್ ಇಲ್ಲದ, ಬರೇ ವೈರಿಂಗ್ ಇರೂ ಇನ್ನೊಂದು. ವ್ಯತ್ಯಾಸ ಭಾಗಿಸು 500. ಆದ್ರ ಬರೂದು ಸರಾಸರಿ ಅಷ್ಟ, ಒಂದೊಂದರ ಮಿಸ್‌ಮ್ಯಾಚ್ (ಒಂದಕ್ಕೊಂದಕ್ಕ ಇರೂ ಸಣ್ಣ ಫರಕು) ಕಾಣೂದಿಲ್ಲ.

ಒಂದೊಂದನ್ನೇ ಬೇಕಂದ್ರ ಚಾರ್ಜ್ ಆಧಾರಿತ ಅಳತೆ. ಪಿಮಾಸ್-ಎನ್‌ಮಾಸ್ (ಚಾರ್ಜ್ ತುಂಬೂ, ಖಾಲಿ ಮಾಡೂ ಟ್ರಾನ್ಸಿಸ್ಟರ್) ಜೋಡಿ ಎರಡು, ಒಂದಕ್ಕ ಮಾತ್ರ ಕೆಪಾಸಿಟರ್. ಎರಡರ ಸಪ್ಲೈ ಕರೆಂಟಿನ ವ್ಯತ್ಯಾಸವನ್ನ ವೋಲ್ಟೇಜ್ ಗುಣಿಸು ಫ್ರೀಕ್ವೆನ್ಸಿಯಿಂದ ಭಾಗಿಸ್ರಿ. 1.2 ವೋಲ್ಟ್, 1 ಮೆಗಾಹರ್ಟ್ಸ್, 20 ಫೆಮ್ಟೊಗೆ 24 ನ್ಯಾನೊಆಂಪ್: ಡಿಸಿ ಮೀಟರಿಗೆ ಆರಾಮ. ಕೆಡೂದು ಎಲ್ಲಿ ಅಂದ್ರ, ಎರಡು ಗೇಟಿನ ಕ್ಲಾಕ್ ಒಂದರ ಮ್ಯಾಲೊಂದು ಬಿದ್ರ ಶಾರ್ಟ್ ಕರೆಂಟು ಹರದು ಲೆಕ್ಕ ಹಾಳು. ಲೀಕೇಜ್ ಬಗ್ಗೆ ಅನುಮಾನ ಇದ್ರ ನಾಲ್ಕೈದು ಫ್ರೀಕ್ವೆನ್ಸಿಗೆ ಅಳದು ಗೆರಿಯ ಇಳಿಜಾರು ತಗೋರಿ.

ನವಲೂರ_ಪೇರಲ:
ಹಂಗ ಒಂದು ಮಾತು: ಸ್ಪೈಸ್‌ನ್ಯಾಗ (ಸರ್ಕ್ಯೂಟ್ ಸಿಮ್ಯುಲೇಷನ್ ಸಾಫ್ಟ್‌ವೇರ್) ಸಂಖ್ಯೆ ಆದಮ್ಯಾಲೆ ‘ಎಫ್’ ಬರದ್ರ ಅದು ಫ್ಯಾರಡ್ ಅಲ್ಲ, ಫೆಮ್ಟೊ. ಪಿಕೊ ಬೇಕಂದ್ರ ‘ಪಿ’ ಹಾಕೂದು ಮರೀಬ್ಯಾಡ್ರಿ.