ಯುಗಾದಿಗೆ ಅಟ್ಟ ಖಾಲಿ ಮಾಡುತ್ತಿದ್ದೇವೆ: ಈ ಕಪ್ಪು ಬಟ್ಟೆಯನ್ನು ಒರೆಸಬಹುದೇ?

ಪ್ರಶ್ನೆ: ಸಾಗರದ ಸೊಸೆ

ಹಬ್ಬದೊಳಗೆ ಅತ್ತೆಯ ಮನೆಯ ಅಟ್ಟ ಖಾಲಿ ಮಾಡಿ, ಧೂಳು ಹೊಡೆದು, ಸುಣ್ಣ ಬಳಿಸಬೇಕೆಂದು ಬೆಂಗಳೂರಿನಿಂದ ಬಂದಿದ್ದೇನೆ. ಮಾವ ತೀರಿಕೊಂಡ ಮೇಲೆ ಆ ಏಣಿಯನ್ನು ಯಾರೂ ಹತ್ತಿರಲಿಲ್ಲ. ಒಡೆದ ಹೆಡಿಗೆ, ಕಂಬಳಿ, ತಾಮ್ರದ ಹಂಡೆ, ಕಲಾಯಿ ಹಾಕಿದ ಹಿತ್ತಾಳೆ ತಪ್ಪಲೆಗಳು, ಅತ್ತೆಯ ಧಾರೆ ಸೀರೆ ಇರುವ ಟ್ರಂಕು ಎಲ್ಲವೂ ಜಗಲಿಗೆ ಬಂದಿವೆ.

ತೊಡಕಾಗಿರುವುದು ಒಂದು ಮರದ ಪೆಟ್ಟಿಗೆ. ಅದರಲ್ಲಿ ತಾಳೆಗರಿಯ ಕಟ್ಟು, ಅದರಡಿ ರಟ್ಟಿನಷ್ಟು ಗಡುಸಾದ ಕಪ್ಪು ಬಟ್ಟೆ. ಹಿಂದಕ್ಕೂ ಮುಂದಕ್ಕೂ ಮಡಚಿದೆ. ಮೇಲೆ ಮಂಕಾದ ಬಿಳಿ ಗೀಟುಗಳು. “ಒದ್ದೆ ಬಟ್ಟೆಯಲ್ಲಿ ಒರೆಸು, ಏನೆಂದು ಗೊತ್ತಾಗುತ್ತದೆ” ಎನ್ನುತ್ತಾರೆ ಅತ್ತೆ. ಗುಜರಿಯವರು ನಾಳೆ ಬರುತ್ತಾರೆ. ಏನು ಇಟ್ಟುಕೊಳ್ಳಲಿ, ಏನು ಕೊಡಲಿ?

ಉತ್ತರ: ನಿವೃತ್ತ ಗ್ರಂಥಪಾಲಕ, ಮೈಸೂರು

ಒರೆಸಬೇಡಿ ತಾಯಿ, ದಯವಿಟ್ಟು. ನೀವು ವರ್ಣಿಸಿದ ಪ್ರಕಾರ ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ವಸ್ತು ಅದು. ಒದ್ದೆ ಬಟ್ಟೆ ಒಮ್ಮೆ ಆಡಿದರೆ ನಿಮ್ಮ ಮನೆಯ ಹಿರಿಯರ ಬರಹ ಶಾಶ್ವತವಾಗಿ ಹೋಗುತ್ತದೆ. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಉಳಿದು ಬಂದಿರುವುದು ಇಂಥ ಕಡತಗಳಲ್ಲಿಯೇ. ನಿಮ್ಮದರಲ್ಲಿ ಅಡಿಕೆಯ ಲೆಕ್ಕವೋ ಸಾಲದ ಲೆಕ್ಕವೋ ಇದ್ದರೂ ಅದು ಊರಿನ ಚರಿತ್ರೆಯೇ.

ಮೊದಲು ಬೆಳಗಿನ ಓರೆ ಬೆಳಕಿನಲ್ಲಿ ಒಂದೊಂದೇ ಮಡಿಕೆ ಬಿಡಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬಿಡಿಸುವಾಗ ಬಿರುಕು ಬಿಡುವಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಬೆರಳು ಅಕ್ಷರದ ಮೇಲೆ ತಾಗಬಾರದು.

ತಾಳೆಗರಿಯ ಕಟ್ಟಿನ ದಾರ ಬಿಚ್ಚಬೇಡಿ, ಗರಿಗಳ ಕ್ರಮ ತಪ್ಪಿದರೆ ಮತ್ತೆ ಜೋಡಿಸುವುದು ಬಹಳ ಕಷ್ಟ. ಅಂಚಿನ ಧೂಳನ್ನು ಒಣಗಿದ ಮೃದು ಕುಂಚದಿಂದ ತೆಗೆದರೆ ಸಾಕು. ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುವ ಕ್ರಮವಿದೆ, ಆದರೆ ಅದನ್ನು ಬಲ್ಲವರ ಕೈಗೇ ಬಿಡಿ. ನಿಮಗೆ ಕೆಳದಿ ಹತ್ತಿರವೇ ಇದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳ ಸಂಗ್ರಹವಿದೆ, ಚಿತ್ರಗಳನ್ನು ಅವರಿಗೆ ತೋರಿಸಿ. ಇಲ್ಲಿ ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಪಂಡಿತರೊಬ್ಬರು ತಂದುಕೊಟ್ಟ ಓಲೆಕಟ್ಟಿನಲ್ಲಿ. ಆ ಕಟ್ಟನ್ನು ಯಾರೋ ಒಬ್ಬರು ಒಲೆಗೆ ಹಾಕದೆ ಇಟ್ಟುಕೊಂಡಿದ್ದರಲ್ಲವೇ?

ಓದದ ಕಾಗದ ಒಂದನ್ನೂ ಗುಜರಿಗೆ ಕೊಡಬೇಡಿ.

ಉತ್ತರ: ಶಿರಸಿಯ ಗೃಹಿಣಿ

ಪಾತ್ರೆಗಳ ಬಗ್ಗೆ ನಾನು ಹೇಳುತ್ತೇನೆ. ಹಂಡೆಯ ಹೊರಮೈಗೆ ಹುಣಸೆಹಣ್ಣು, ಉಪ್ಪು ಸಾಕು. ಉಜ್ಜಿದ ಕೂಡಲೇ ತೊಳೆದು ಒಣಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಮತ್ತೆ ಕಲೆ ಕೂರುತ್ತದೆ. ತಪ್ಪಲೆಯ ಒಳಗೆ ಮಾತ್ರ ಹಾಗೆ ತಿಕ್ಕಬೇಡಿ, ಕಲಾಯಿ ಸವೆಯುತ್ತದೆ. ಈಗಾಗಲೇ ಹಿತ್ತಾಳೆ ಇಣುಕುತ್ತಿದ್ದರೆ ಮರುಕಲಾಯಿ ಆಗುವವರೆಗೆ ಸಾರು, ಮಜ್ಜಿಗೆ ಹಾಕಬಾರದು. ಹುಳಿಗೆ ತಾಮ್ರದ ಅಂಶ ಬಿಡುತ್ತದೆ. ಗುಜರಿಯಲ್ಲಿ ತೂಕದ ಬೆಲೆ ಸಿಗುತ್ತದೆ ನಿಜ, ಆದರೆ ಅಂಥ ದಪ್ಪದ ಹಂಡೆಯನ್ನು ಆ ದುಡ್ಡಿಗೆ ಮತ್ತೆ ಕೊಳ್ಳಲಾರಿರಿ.

ಸೀರೆಗೆ ನುಸಿಗುಳಿಗೆ ತಾಗದಂತೆ ನೋಡಿಕೊಳ್ಳಿ, ಜರಿ ಕಪ್ಪಾಗುತ್ತದೆ. ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಮಡಿಕೆಯ ಗೆರೆ ತಪ್ಪಿಸಿ ಮಡಚಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರು ಬೇಡವೇ ಬೇಡ.

ಸಾಗರದ ಸೊಸೆ

ಇಬ್ಬರಿಗೂ ನಮಸ್ಕಾರ. ಗುಜರಿಗೆ ತಗಡು, ಒಡೆದ ಬಕೆಟ್ಟು ಮಾತ್ರ ಹೋಯಿತು. ಬೆಳಿಗ್ಗೆ ಜಗಲಿಯಲ್ಲಿ ಕಡತದ ಚಿತ್ರ ತೆಗೆದೆವು. “ಅಡಕೆ” ಎಂಬ ಪದವನ್ನು ಅತ್ತೆಯೇ ಗುರುತಿಸಿ ಓದಿದರು, ಮುಂದಿನದೆಲ್ಲ ಮೋಡಿ ಅಕ್ಷರ, ಅಂದರೆ ಹಿಂದಿನವರು ವೇಗವಾಗಿ ಕೂಡಿಸಿ ಬರೆಯುತ್ತಿದ್ದ ಲಿಪಿ. ಈಗ ಅವರಿಗೆ ಅದನ್ನು ಯಾರಿಗೂ ಕೊಡುವ ಮನಸ್ಸಿಲ್ಲ. ಮತ್ತೆ ಅಟ್ಟದಲ್ಲೇ ಇಡಬಹುದೇ?

ನಿವೃತ್ತ ಗ್ರಂಥಪಾಲಕ, ಮೈಸೂರು

ಬಹಳ ಸಂತೋಷವಾಯಿತು! ಅಟ್ಟ ಬೇಡ. ಕೆಳಗೆ ಸೌದೆಯ ಒಲೆ ಉರಿಯುತ್ತಿದ್ದ ಕಾಲದಲ್ಲಿ ಶಾಖವೂ ಹೊಗೆಯೂ ಅಟ್ಟವನ್ನು ಒಣಗಿಸಿ ಹುಳುವನ್ನು ದೂರ ಇಡುತ್ತಿದ್ದವು. ಗ್ಯಾಸ್ ಬಂದ ಮೇಲೆ ಆ ಕಾವಲು ತಪ್ಪಿತು, ಮಲೆನಾಡಿನ ಮಳೆಯ ತೇವ ಮಾತ್ರ ಉಳಿಯಿತು. ಜನ ಓಡಾಡುವ ಕೋಣೆಯ ಬೀರುವಿನಲ್ಲಿ, ನೆಲದಿಂದ ಎತ್ತರದಲ್ಲಿ, ಮಳೆ ಹೊಡೆಯುವ ಗೋಡೆಗೆ ತಾಗದಂತೆ ಇಡಿ. ಗಂಜಿ ಪೂರ್ತಿ ಹೋಗುವಂತೆ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಏಕೆಂದರೆ ಹುಳು ಬರುವುದೇ ಗಂಜಿಯ ಆಸೆಗೆ. ಬೇವಿನ ಎಲೆ ಇಡುವುದಾದರೆ ಗರಿಗರಿಯಾಗಿ ಒಣಗಿರಲಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ ತೆರೆದು ನೋಡಿ.

ಕೆಳದಿಯವರಿಗೆ ಚಿತ್ರಗಳನ್ನು ಕೊಟ್ಟು, ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳುವುದಾಗಿ ಹೇಳಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಗದ್ದೆ, ತೋಟ, ಹಳೆಯ ಒಕ್ಕಲುಗಳ ಹೆಸರು ಅವರ ಬಾಯಲ್ಲಿ ಇದ್ದರೆ, ಮೋಡಿ ಓದುವವರಿಗೆ ಅರ್ಧ ಕೆಲಸ ಹಗುರಾಗುತ್ತದೆ.