ಎಸಿ/ಡಿಸಿಯ 'ಶಾಟ್ ಇನ್ ದ ಡಾರ್ಕ್': ಹಳೇ ಸರಕಾ, ಒಳ್ಳೇ ಹಾಡಾ?

ಹಾಸನದ ಡ್ರಮ್ಮರ್:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಾವು ಐದು ಜನ ಸೇರಿ ಬ್ಯಾಂಡ್ ಕಟ್ಟಿದ್ದೇವೆ. ಫೆಸ್ಟ್‌ಗೆ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯದ್ದು ಒಂದು ಹಾಡು ಇರಲಿ ಅಂತ ಮಾತಾಯಿತು. ನಾನು 'ಶಾಟ್ ಇನ್ ದ ಡಾರ್ಕ್' ಅಂದೆ. ನಮ್ಮ ಲೀಡ್ ಗಿಟಾರಿನವನು ಮೂಗು ಮುರಿದ. "1980ರಲ್ಲಿ ಮಾಡಿದ್ದನ್ನೇ 2020ರಲ್ಲಿ ಮಾಡಿದ್ದಾರೆ, ಸುಮ್ನೆ ಟೈಮ್ ವೇಸ್ಟ್" ಅಂದ. ಆದರೆ ಇದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಮೇನ್‌ಸ್ಟ್ರೀಮ್ ರಾಕ್ ಚಾರ್ಟ್‌ನಲ್ಲಿ ನಂಬರ್ ಒನ್ ಆಗಿತ್ತು, ಗ್ರ್ಯಾಮಿಗೂ ನಾಮಿನೇಟ್ ಆಗಿತ್ತು. ಅಷ್ಟು ಜನ ಇಷ್ಟಪಟ್ಟಿದ್ದು ಹಾಡಿಗಾ, ಬ್ಯಾಂಡಿನ ಹೆಸರಿಗಾ?

ಬೇಲೂರು ಬೇಸ್:
ಹೆಸರಿಗೇ ಗುರು. ಮೇನ್‌ಸ್ಟ್ರೀಮ್ ರಾಕ್ ಅನ್ನುವುದು ರೇಡಿಯೋದವರು ಎಷ್ಟು ಸಲ ಹಾಕಿದರು ಅಂತ ಲೆಕ್ಕ ಹಾಕುವ ಚಾರ್ಟ್. ಎಸಿ/ಡಿಸಿ ಹಾಡು ಬಂದರೆ ಅವರು ಹಾಕಿಯೇ ಹಾಕುತ್ತಾರೆ. ಗ್ರ್ಯಾಮಿ ಕೊನೆಗೆ ಫೂ ಫೈಟರ್ಸ್ ಬ್ಯಾಂಡಿನ ಪಾಲಾಯಿತು, ಅಲ್ವಾ? ನಿಮ್ಮ ಲೀಡ್‌ನವನು ಹೇಳಿದ್ದೇ ಸರಿ.

ರಿದಂ ಮಾಮ, ಚಿಕ್ಕಮಗಳೂರು:
ತಮ್ಮಾ, ನಾನು ಆರ್ಕೆಸ್ಟ್ರಾದಲ್ಲಿ ರಿದಂ ಗಿಟಾರ್ ನುಡಿಸುವವನು. ಗಣಪತಿ ಪೆಂಡಾಲ್, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಯಾವುದಾದರೂ ಸೈ. ಹಾಗಾಗಿ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದೇ ಇರುತ್ತೆ.

ಈ ಹಾಡು ಬಂದಿದ್ದು 2020ರ ಅಕ್ಟೋಬರ್ 7ಕ್ಕೆ. ಕೊರೊನಾ ಕಾಲ, ನಮಗೆ ಒಂದು ಪ್ರೋಗ್ರಾಮೂ ಇರಲಿಲ್ಲ. ಎಸಿ/ಡಿಸಿ ಕಥೆ ಅದಕ್ಕೂ ಮೊದಲೇ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. 2014ರಲ್ಲಿ ಮರೆವಿನ ಕಾಯಿಲೆಯಿಂದ ರಿದಂ ಗಿಟಾರಿನ ಮಾಲ್ಕಮ್ ಯಂಗ್ ಬ್ಯಾಂಡ್ ಬಿಟ್ಟ. ಡ್ರಮ್ಮರ್ ಫಿಲ್ ರಡ್ ಕೋರ್ಟು ಕಚೇರಿ ಅಲೆಯುತ್ತಿದ್ದ. 2016ರಲ್ಲಿ ಹಾಡುಗಾರ ಬ್ರಿಯಾನ್ ಜಾನ್ಸನ್‌ಗೆ ಡಾಕ್ಟರು "ಇನ್ನು ಸ್ಟೇಜ್ ಹತ್ತಿದರೆ ಕಿವಿ ಪೂರ್ತಿ ಹೋಗುತ್ತೆ" ಅಂದರು. ಉಳಿದ ಶೋಗಳಿಗೆ ಗನ್ಸ್ ಎನ್ ರೋಸಸ್ ಬ್ಯಾಂಡಿನ ಗಾಯಕ ಆಕ್ಸಲ್ ರೋಸ್ ಬಂದು ಹಾಡಿದ. ಅದು ಮುಗಿದ ಮೇಲೆ ಬೇಸ್ ನುಡಿಸುವ ಕ್ಲಿಫ್ ವಿಲಿಯಮ್ಸ್ ರಿಟೈರ್ ಆದೆ ಅಂದ. 2017ರ ನವೆಂಬರ್‌ನಲ್ಲಿ ಮಾಲ್ಕಮ್ ತೀರಿಕೊಂಡ. ಹಳಬರಲ್ಲಿ ಉಳಿದವನು ಅವನ ತಮ್ಮ, ಲೀಡ್ ಗಿಟಾರಿನ ಆಂಗಸ್ ಒಬ್ಬನೇ.

ಅಂಥಾ ಹೊತ್ತಲ್ಲಿ ಬ್ರಿಯಾನ್, ಫಿಲ್, ಕ್ಲಿಫ್ ಮೂವರೂ ವಾಪಸ್ ಬಂದರು. ಮಾಲ್ಕಮ್ ಜಾಗದಲ್ಲಿ ಅವನ ಅಣ್ಣನ ಮಗ ಸ್ಟೀವಿ. ಬ್ರಿಯಾನ್‌ಗೆ 73 ತುಂಬಿ ಎರಡು ದಿನಕ್ಕೆ ಹಾಡು ಬಿಡುಗಡೆ. ಆ ಗಂಟಲು ಇನ್ನೂ ಕಿರುಚುತ್ತೆ ಅನ್ನುವುದೇ ಆವತ್ತಿನ ಸುದ್ದಿ. ಹೊಸ ಪ್ರಯೋಗ ಮಾಡಲಿ ಅಂತ ಯಾರೂ ಕಾದಿರಲಿಲ್ಲ. ಪತ್ರಿಕೆಯವರೂ 'ಎಂದಿನ ಎಸಿ/ಡಿಸಿ' ಅಂತಲೇ ಬರೆದರು, ಖುಷಿಯಿಂದ ಬರೆದರು. ನವೆಂಬರ್‌ನಲ್ಲಿ 'ಪವರ್ ಅಪ್' ಆಲ್ಬಂ ಬಂದಾಗ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಎಲ್ಲಾ ಕಡೆ ನಂಬರ್ ಒನ್. ಆಲ್ಬಂಗೆ ದುಡ್ಡು ಕೊಟ್ಟು ಕೊಂಡವರೂ ಇದ್ದಾರೆ, ಬರೀ ರೇಡಿಯೋ ಮಹಿಮೆ ಅನ್ನಬೇಡಿ ಬೇಲೂರಿನವರೇ.

ಇನ್ನು ಹಳೇ ಸರಕು ಅನ್ನುವ ಮಾತು. ಹಳೇದೇ ಹೌದು! ಆ ಆಲ್ಬಂನ ಎಲ್ಲಾ ಹಾಡುಗಳಿಗೂ ಆಂಗಸ್ ಮತ್ತು ಮಾಲ್ಕಮ್ ಇಬ್ಬರ ಹೆಸರೇ ಇದೆ. ಅಣ್ಣ ತಮ್ಮ ಸೇರಿ ಕೂಡಿಟ್ಟಿದ್ದ ರಿಫ್‌ಗಳನ್ನು (ಗಿಟಾರಿನ ಚಿಕ್ಕ ಚಿಕ್ಕ ಪಲುಕುಗಳನ್ನು) ಹೆಕ್ಕಿ ಆಂಗಸ್ ಹಾಡು ಕಟ್ಟಿದ. ಸತ್ತ ಮೇಲೂ ಮಾಲ್ಕಮ್‌ಗೆ ಅವನ ಪಾಲು ಸಿಕ್ಕಿತು. ನನಗೆ ಅದು ದೊಡ್ಡ ವಿಷಯ. ನಮ್ಮ ಕಡೆ ರಿದಂನವನ ಹೆಸರು ಪಾಂಪ್ಲೆಟ್‌ನಲ್ಲೂ ಇರುವುದಿಲ್ಲ ಮಾರಾಯ.

ಫೋನ್ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡಬೇಡಿ. ಹೆಡ್‌ಫೋನ್ ಹಾಕಿ, ಎರಡು ಗಿಟಾರನ್ನೂ ಬೇರೆ ಬೇರೆಯಾಗಿ ಹಿಡಿಯಿರಿ. ರಿದಂ ಗಿಟಾರ್ ಕಾರ್ಡ್ ಹೊಡೆದು ತಕ್ಷಣ ಕೈಯಿಂದ ತಂತಿ ಮುಚ್ಚುತ್ತೆ. ಆ ಖಾಲಿ ಜಾಗದಲ್ಲಿ ಸ್ನೇರ್ ಡ್ರಮ್ ಒಂದೇ ಕೇಳುತ್ತೆ. ನಿಮ್ಮ ಲೀಡ್‌ನವನು ಸೋಲೋ ಮಾತ್ರ ಕೇಳಿರುತ್ತಾನೆ ಬಿಡಿ.

ನನ್ನ ದೂರು ಒಂದೇ. ಕೋರಸ್ ಜಾಸ್ತಿ ಸಲ ಬರುತ್ತೆ. ಮೂರು ನಿಮಿಷದ ಹಾಡಿಗೆ ಇನ್ನೊಂದು ಚರಣ ಇದ್ದರೆ ನಷ್ಟ ಇರಲಿಲ್ಲ.

ಹಾಸನದ ಡ್ರಮ್ಮರ್:
ಮಾಮ, ಹೆಡ್‌ಫೋನ್‌ನಲ್ಲಿ ಕೇಳಿದೆ. ಸ್ನೇರ್ ಮಾತು ನಿಜ. ಆದರೆ ನಾವು ನುಡಿಸಿದರೆ ಆ ಗ್ಯಾಪ್ ಬರುತ್ತಿಲ್ಲ, ಬರೀ ಗೊರಗೊರ ಅನ್ನುತ್ತೆ. ಏನು ಮಾಡೋದು?

ರಿದಂ ಮಾಮ, ಚಿಕ್ಕಮಗಳೂರು:
ಸದ್ದು ಗೊರಗೊರ ಮಾಡುವ ಡಿಸ್ಟಾರ್ಷನ್ ಪೆಡಲ್ ಆಫ್ ಮಾಡಿಸಪ್ಪ. ಮಾಲ್ಕಮ್‌ನದ್ದು ಗ್ರೆಚ್ ಗಿಟಾರ್. ಬ್ರಿಡ್ಜ್ ಹತ್ತಿರದ ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಕಿತ್ತಿಸಿದ್ದ. ದಪ್ಪ ತಂತಿ, ಗೇನ್ (ಸದ್ದು ಒರಟಾಗಿಸುವ ಮಟ್ಟ) ಕಡಿಮೆ, ಬಲಗೈ ಹೊಡೆತ ಮಾತ್ರ ಜೋರು. ಆಂಪ್‌ನಲ್ಲಿ ಗೇನ್ ಅರ್ಧಕ್ಕೆ ಇಳಿಸಿ, ವಾಲ್ಯೂಮ್ ಏರಿಸಿ ನೋಡಿ. ನೀನೂ ರೋಲ್ ಹೊಡೆಯೋಕೆ ಹೋಗಬೇಡ. ಫಿಲ್ ರಡ್ ಹಾಗೆ ಒಂದು, ಎರಡು, ಮೂರು, ನಾಲ್ಕು, ಅಷ್ಟೇ. ಕೈ ಕಡಿಯುತ್ತೆ, ತಡೆದುಕೋ.

ಬೇಲೂರು ಬೇಸ್:
ಅದೆಲ್ಲಾ ಸರಿ. ಆ ಬ್ರಿಯಾನ್ ಸ್ವರಕ್ಕೆ ಹಾಡುವವನು ಯಾರು?

ಹಾಸನದ ಡ್ರಮ್ಮರ್:
ಮೆಕ್ಯಾನಿಕಲ್‌ನಲ್ಲಿ ಒಬ್ಬ ಇದ್ದಾನೆ. ಕಬಡ್ಡಿ ಮ್ಯಾಚ್‌ಗೆ ಕೂಗಿ ಕೂಗಿ ಗಂಟಲು ಹಾಗೇ ಆಗಿದೆ. ಶನಿವಾರ ಕರೆದಿದ್ದೇನೆ.